ದಿಬ್ಬಣದ ಎರಡು ಲಾಂಚುಗಳು

ಮೈದುನನ ಮದುವೆಗೆ ಹೆಣ್ಣಿನ ಊರು ತಲುಪಬೇಕಾದರೆ ಶರಾವತಿಯ ಹಿನ್ನೀರು ದಾಟಬೇಕಿತ್ತು. ಅಣೆಕಟ್ಟು ಆಗಿ ಹೆಚ್ಚು ವರ್ಷವಾಗಿರಲಿಲ್ಲ. ಮೊದಲು ಗದ್ದೆಯಂಚಿನ ಮೇಲೆ ನಡೆದು ಹೋಗುತ್ತಿದ್ದ ಊರಿಗೆ ಈಗ ಲಾಂಚೇ ಗತಿ. ಬೇಸಿಗೆಯಲ್ಲಿ ನೀರು ಇಳಿದು, ಮುಳುಗಿದ ಅಂಚುಗಳು ತಳದಲ್ಲಿ ಮಸುಕಾಗಿ ಕಾಣುತ್ತಿದ್ದವು. ಅದನ್ನು ನೋಡಿದಾಗಿನಿಂದ ನನಗೆ ಸಮಾಧಾನವಿರಲಿಲ್ಲ.

ನಮ್ಮ ದಿಬ್ಬಣಕ್ಕೆ ಎರಡು ಲಾಂಚು. ಅರ್ಧ ದಾರಿಯಲ್ಲಿ ಅತ್ತೆಗೆ ನೆನಪಾಯಿತು: ದಿಬ್ಬಣದ ಮುಂದೆ ಹೋಗಬೇಕಾದ ಕಲಶ ಹಿಂದಿನ ಲಾಂಚಿನಲ್ಲಿ, ನಾದಿನಿಯ ಕೈಯಲ್ಲೇ ಉಳಿದಿತ್ತು.

"ಆ ಲಾಂಚಿಗೆ ಪಕ್ಕಕ್ಕೆ ಬರಕ್ಕೆ ಹೇಳು ಮಾರಾಯ, ಈಗ್ಲೇ ಇಸ್ಕೊಳ್ತೀನಿ."

"ದಡ ಮುಟ್ಟಿದ್ಮೇಲೆ ಕೊಟ್ರಾಗದಾ ಅಮ್ಮಾ?" ಎಂದ ನಮ್ಮ ಡ್ರೈವರ್.

"ದಡದಲ್ಲಿ ಬೀಗರು ನಿಂತಿರ್ತಾರೆ. ಗಂಡಿನ ಕಡೆಯವ್ರು ಕಲಶ ಮರೆತು ಬಂದ್ರು ಅಂತ ಮೊಮ್ಮಕ್ಕಳ ಕಾಲಕ್ಕೂ ಆಡ್ಕೊಳ್ತಾರೆ!"

ಹಿಂದಿನ ಲಾಂಚು ವೇಗ ಹೆಚ್ಚಿಸಿ ಪಕ್ಕಕ್ಕೆ ಬಂತು. ಅದರ ಹಿಂಭಾಗ ಕುಗ್ಗಿದಂತೆ ಕೆಳಗಿಳಿದು, ಕೆಸರು ಬುಗ್ಗೆಯಾಗಿ ಎದ್ದಿತು. ನಡುವಿನ ನೀರು ಮಾತ್ರ ನಯವಾಗಿ, ಬಹಳ ಜೋರಾಗಿ ಓಡುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಎರಡು ಹಾಳೆ ಹಿಡಿದು ನಡುವೆ ಊದಿದ್ದು ನೆನಪಾಯಿತು. ಹಾಳೆಗಳು ದೂರ ಹೋಗುವ ಬದಲು ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಅತ್ತೆಯ ಹಿಂದೆ ಓಡಿದೆ.

ಅತ್ತೆ ಕಂಬಿಯಾಚೆ ಎರಡೂ ಕೈ ಚಾಚಿ ಕಲಶ ಹಿಡಿದಿದ್ದರು. ನಮ್ಮ ಡ್ರೈವರ್ ದೂರ ಸರಿಯಲು ಚಕ್ರ ತಿರುಗಿಸುತ್ತಲೇ ಇದ್ದ. ಲಾಂಚು ಮಾತ್ರ ಇನ್ನೊಂದರ ಕಡೆಗೇ ಜಾರುತ್ತಿತ್ತು.

"ಅತ್ತೆ, ಕೈ ಒಳಗೆ ತಗೊಳ್ಳಿ!"

"ತಡಿಯೇ, ನೀರು ಚೆಲ್ತದೆ!"

ತುಂಬಿದ ಕಲಶ, ಮೇಲೆ ತೆಂಗಿನಕಾಯಿ. ಅವರು ನಿಧಾನವಾಗಿ, ದೇವರೆದುರಿನಲ್ಲಿ ಎತ್ತುವಂತೆ ಎತ್ತುತ್ತಿದ್ದರು. ನಾನು ಹಿಂದಿನಿಂದ ಅವರ ಮೊಣಕೈಗಳನ್ನು ಹಿಡಿದು ಎಳೆದೆ. ಕಲಶ ಜಾರಿತು. ಮರುಕ್ಷಣವೇ ಎರಡು ಕಂಬಿಗಳು ಢಣ್ಣೆಂದು ಬಡಿದವು. ನಡುವೆ ಸಿಕ್ಕಿದ ತಾಮ್ರದ ಚೊಂಬು ರೊಟ್ಟಿಯಾಗಿ ನೀರಿಗೆ ಬಿತ್ತು.

ಎರಡೂ ಎಂಜಿನ್ ನಿಲ್ಲಿಸಿದರು. ಸೆಳೆತ ಸಡಿಲವಾಗಿ, ಲಾಂಚುಗಳು ಮೆಲ್ಲಗೆ ದೂರವಾದವು.

ಆಚೆಯಿಂದ ನಾದಿನಿ ಅಳುತ್ತಾ ಕೂಗಿದಳು, "ಅಪಶಕುನ ಆಯ್ತಲ್ಲೇ ಅಮ್ಮಾ!"

ಅತ್ತೆ ತಮ್ಮ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿಕೊಂಡರು. "ಎಂತ ಅಪಶಕುನ? ಕೈ ಇದ್ಯಲ್ಲ!" ಎಂದರು.

ಬೀಗರು ಇನ್ನೂ ದಡಕ್ಕೆ ಬಂದಿರಲಿಲ್ಲ. ಅತ್ತೆ ಅಲ್ಲೇ ಡ್ರೈವರನ ಕುಡಿಯುವ ನೀರಿನ ಚೊಂಬನ್ನೇ ಬೆಳಗಿ, ಇನ್ನೊಂದು ಕಾಯಿ ಇಟ್ಟು, ನಾದಿನಿಯ ಕೈಗೆ ಕೊಟ್ಟರು.

"ಬೀಗರು ಕೇಳಿದ್ರೆ?" ಎಂದೆ.

"ಕೇಳಿದ್ರೆ ನೋಡ್ವ. ನೀನು ಬಾಯಿ ಬಿಟ್ಟೀಯ ಮತ್ತೆ!"

ಚಪ್ಪರದವರೆಗೂ ನಾನು ಅವರ ತೋಳು ಬಿಡಲಿಲ್ಲ. ಅವರೂ ಬಿಡಿಸಿಕೊಳ್ಳಲಿಲ್ಲ.