ಮೂವತ್ಮೂರು ಕೋಟಿಯ ಪಕ್ಕದ ಖಾಲಿ ಜಾಗ

ಗಣಿತದ ಮಾಸ್ತರನಾಗಿಯೂ ಒಪ್ಪಿಕೊಳ್ಳುತ್ತೇನೆ: ಹದಿನೇಳರಿಂದ ಭಾಗಿಸುವುದೆಂದರೆ ನನಗೆ ಬೇಸರ. ಆ ಬೇಸರಕ್ಕಾಗಿ ಒಬ್ಬ ಗೆಳೆಯನನ್ನು ಹನ್ನೊಂದು ವರ್ಷ ಕಳೆದುಕೊಂಡಿದ್ದೆ.

31, 331, 3331, ಹೀಗೆ ಎಡಕ್ಕೆ ಮೂರುಗಳನ್ನು ಪೋಣಿಸುತ್ತ ಹೋಗಿ. ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಗಳಿವು. ಏಳು ಮೂರುಗಳವರೆಗೆ ಒಂದೂ ಮಣಿಯುವುದಿಲ್ಲ. ಕೊನೆಯಿಲ್ಲದೆ ಹೀಗೆಯೇ ಎಂದು ಕಲಬುರಗಿಯ ನನ್ನ ಶಾಲೆಯಲ್ಲಿ ವರ್ಷವರ್ಷವೂ ಕಲಿಸುತ್ತಿದ್ದೆ. ಅನ್ನ ಬೆಂದಿದೆಯೇ ಎಂದು ಒಂದೇ ಅಗುಳು ಹಿಸುಕಿ ನೋಡುವ ನಾಡು ನಮ್ಮದು. ಏಳು ಅಗುಳು ಹಿಸುಕಿದವನಿಗೆ ಸಂಶಯ ಬಂದೀತೇ?

ಬಂದದ್ದು ಕಮಲಾಪುರದ ನಬಿಸಾಬ್ ಮಾಸ್ತರರಿಗೆ. ನನಗಿಂತ ಹಿರಿಯರು, ನನಗೆ ಬೋರ್ಡಿನ ಮೇಲೆ ನೆಟ್ಟಗೆ ಬರೆಯಲು ಕಲಿಸಿದವರು. ಶಿಕ್ಷಕರ ತರಬೇತಿಯೊಂದರಲ್ಲಿ ನಾನು ಇದನ್ನೇ ಹೇಳಿದಾಗ ಎದ್ದು ನಿಂತು, ಎಂಟನೆಯದು, ಅಂದರೆ ಮೂವತ್ಮೂರು ಕೋಟಿ ಮೂವತ್ಮೂರು ಲಕ್ಷ ಮೂವತ್ಮೂರು ಸಾವಿರದ ಮುನ್ನೂರ ಮೂವತ್ತೊಂದು, ಹದಿನೇಳರಿಂದ ಭಾಗ ಹೋಗುತ್ತದೆ ಎಂದರು. ಭಾಗಿಸಿ ನೋಡುವ ಬದಲು ನಾನು ಬಾಯಿ ಬಿಟ್ಟೆ: “ಮೂವತ್ಮೂರು ಕೋಟಿ ದೇವತೆಗಳ ಲೆಕ್ಕ ನಮಗ ಬಿಡ್ರಿ, ಸಾಬರ.”

ಇಡೀ ಕೋಣೆ ನಕ್ಕಿತು. ಅವರು ಕುಳಿತುಕೊಂಡರು.

ವಾರದ ನಂತರ ಕದ್ದು ಭಾಗಿಸಿದೆ. ಶೇಷ ಸೊನ್ನೆ. ಮರುದಿನವೇ ಹೋಗಿ ಹೇಳಬಹುದಿತ್ತು. ಇಪ್ಪತ್ತೈದು ಮೈಲು ದೂರವೂ ಇಲ್ಲದ ಊರು. ಜಂಬ ಬಿಡಲಿಲ್ಲ. ಆಮೇಲೆ ನಾಚಿಕೆ ಬಿಡಲಿಲ್ಲ.

ಅವರ ಕಣ್ಣು ಹೋಗುತ್ತಿದೆ ಎಂದು ಕೇಳಿ ಕಳೆದ ತಿಂಗಳು ಬಸ್ಸು ಹತ್ತಿದೆ. ದನಿ ಕೇಳಿಯೇ ಗುರುತು ಹಿಡಿದರು, ತಮ್ಮೂರಿನ ಹೆಸರಾದ ಕೆಂಪು ಬಾಳೆಹಣ್ಣು ಕೊಡಿಸಿದರು. ತಪ್ಪೊಪ್ಪಿಕೊಂಡೆ. ಅವರು ಮಗಳಿಂದ ಹಳೆಯ ನೋಟುಬುಕ್ಕು ತರಿಸಿದರು. ಅವರ ತರಗತಿಯಲ್ಲಿ ಒಂದು ಪದ್ಧತಿಯಿತ್ತು: ತಪ್ಪನ್ನು ಯಾರೂ ಅಳಿಸಬಾರದು, ಮಾಡಿದವರೇ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಪುಟದ ಎಡಕ್ಕೆ ಅವರ ಕೈಬರಹದಲ್ಲಿ ನನ್ನ ಸಂಖ್ಯೆ, ನನ್ನ ಹೆಸರು. ಬಲಕ್ಕೆ ಹನ್ನೊಂದು ವರ್ಷದಿಂದ ಖಾಲಿ ಜಾಗ.

“ನನಗ ಕಾಣೂದಿಲ್ಲ. ಬಾಯಿಲೆ ಹೇಳ್ಕೋತ ಬರೀರಿ,” ಎಂದರು.

ಹದಿನೇಳು ಗುಣಿಸು ಒಂದು ಕೋಟಿ ತೊಂಬತ್ತಾರು ಲಕ್ಷದ ಏಳು ಸಾವಿರದ ಎಂಟುನೂರ ನಲವತ್ಮೂರು. ಹೇಳುತ್ತಲೇ ಖಾಲಿ ಜಾಗದಲ್ಲಿ ಬರೆದೆ. ಅಂದಿನ ಆ ಮಾತಿಗೂ ಕ್ಷಮೆ ಕೇಳಿದೆ.

ಅವರು ನೋಟುಬುಕ್ಕು ಈಸಿಕೊಂಡು ಮುಚ್ಚಿದರು. “ನಿಮ್ಮ ಲೆಕ್ಕ ತಪ್ಪಿದ್ದು ಅವತ್ತೇ ಮರ್ತೀನ್ರಿ. ಎಲ್ಲಾರೂ ನಕ್ಕಿದ್ದು ಮರೀಲಿಕ್ಕ ಆಗವಲ್ದು.”

ಸೋಮವಾರ ನನ್ನ ತರಗತಿಯ ಬೋರ್ಡಿನ ಮೇಲೆ ಸಂಖ್ಯೆಯನ್ನೂ ಬರೆದೆ, ನನ್ನ ಮಾತನ್ನೂ ಬರೆದೆ. ಸಂಖ್ಯೆಯ ಪಕ್ಕ ಉತ್ತರ ಬರೆಯುವುದು ಸುಲಭವಾಯಿತು. ಆ ಮಾತಿನ ಪಕ್ಕ ಏನು ಬರೆಯಬೇಕೋ ಇನ್ನೂ ತಿಳಿದಿಲ್ಲ. ಭಾನುವಾರಕ್ಕೊಮ್ಮೆ ಕಮಲಾಪುರಕ್ಕೆ ಹೋಗಿ ಅವರಿಗೆ ಪೇಪರು ಓದಿ ಹೇಳಿ ಬರುತ್ತಿದ್ದೇನೆ.