ಎರಡು ಬೆನ್ನಿಗೆ ಒಂದು ರೆಕ್ಕೆ

ತುರುವೇಕೆರೆಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಅಕ್ಕನನ್ನು ಕೊಟ್ಟಿರುವುದು ದಬ್ಬೇಘಟ್ಟದ ಕಡೆಗೆ. ಅವಳಿಗೆ ತೆಂಗಿನ ತೋಟ, ಸೀಮೆಹಸು, ಹೆಚ್ಚು ಮಾತಾಡದ ಗಂಡ. ನಲವತ್ತು ದಾಟಿದ ಮೇಲೆ ನಮ್ಮಿಬ್ಬರಿಗೂ ಸಮುದ್ರದೊಳಗೆ ಇಳಿಯುವ ಹುಚ್ಚು ಹತ್ತಿತು. ಹತ್ತಿಸಿದವಳು ಅಕ್ಕ. ಸಂಘದ ಹೆಂಗಸರೆಲ್ಲ ಸೇರಿ ಮುರುಡೇಶ್ವರಕ್ಕೆ ಹೋಗಿದ್ದಾಗ, ಉಳಿದವರು ಗೋಪುರ ನೋಡಲು ಸಾಲಿನಲ್ಲಿ ನಿಂತರೆ ಇವಳು ದೋಣಿಯವರ ಹತ್ತಿರ ಹೋಗಿ ವಿಚಾರಿಸಿಕೊಂಡು ಬಂದು, "ಎಲ್ರೂ ಮ್ಯಾಲಕ್ಕೆ ಹೋಗ್ಲಿ, ನಾವು ಕೆಳಕ್ಕೆ ಹೋಗಾನ ಬಾರೇ" ಅಂದಳು. ಚಿಕ್ಕವಳಿದ್ದಾಗ ಊರ ಕೆರೆಯಲ್ಲಿ ಗಂಡುಹುಡುಗರ ಜೊತೆ ಪಂದ್ಯ ಕಟ್ಟಿ ಈಜಿದವಳು ಅವಳು. ನಾನು ಅವಳ ಹಿಂದೆ ಹಿಂದೆ ನೀರಿಗೆ ಬಿದ್ದು ಈಜು ಕಲಿತವಳು.

ನೇತ್ರಾಣಿ ದ್ವೀಪದ ಪಕ್ಕದಲ್ಲಿ ಅವತ್ತು ಕಂಡ ಮೀನುಗಳ ಬಣ್ಣ ನನ್ನ ಅಂಗಡಿಯ ಕಪಾಟಿನಲ್ಲಿರುವ ಯಾವ ರವಿಕೆ ಕಣದಲ್ಲೂ ಇಲ್ಲ. ಮನೆಗೆ ಬಂದು ಹೊಲಿಗೆ ಮಿಷನ್ನಿನ ಮುಂದೆ ಕೂತರೂ ಕಣ್ಣೊಳಗೆ ಅದೇ ನೀಲಿ. ಮತ್ತೆ ಹೋದೆವು. ಸ್ಕೂಬಾ ಡೈವಿಂಗ್ ಕೋರ್ಸು ಮಾಡಿ ಕಾರ್ಡು ತೆಗೆದುಕೊಂಡೆವು. ಊರಲ್ಲಿ ಕೇಳಿದವರಿಗೆ ಅಕ್ಕ ಅದನ್ನು ಡ್ರೈವಿಂಗ್ ಲೈಸೆನ್ಸಿನ ಹಾಗೆ ತೆಗೆದು ತೋರಿಸುತ್ತಿದ್ದಳು.

ನಮಗೆ ಹಿಂಸೆಯಾಗುತ್ತಿದ್ದದ್ದು ಬಾಡಿಗೆ ಜಾಕೆಟ್ಟಿನಿಂದ. ನೀರೊಳಗೆ ಉಸಿರಾಡುವ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟುವುದು ಆ ಜಾಕೆಟ್ಟಿನ ಮೇಲೆಯೇ. ಅದಕ್ಕೆ ಗಾಳಿ ತುಂಬಿದರೆ ಮೇಲಕ್ಕೆ ಬರುತ್ತೇವೆ, ಬಿಟ್ಟರೆ ಕೆಳಕ್ಕೆ ಹೋಗುತ್ತೇವೆ. ನಾನು ಕಡ್ಡಿಯಂಥವಳು, ಗಾಳಿ ತುಂಬಿದ ಕೂಡಲೇ ಅದು ನನ್ನ ಕಿವಿಯವರೆಗೆ ಏರಿ ಕೂರುತ್ತಿತ್ತು. ಅಕ್ಕ ತುಂಬಿದ ಮೈಯವಳು. ಅವಳಿಗೆ ಹೊಟ್ಟೆಯ ಬಕಲ್ ಸೇರಿಸುವಷ್ಟರಲ್ಲಿ ದೋಣಿಯವನು ಬೆವರುತ್ತಿದ್ದ. "ಉಸ್ರಾಡಕ್ಕೆ ಗಾಳಿ ಕೊಡ್ತಾರೆ, ಉಸ್ರಾಡಕ್ಕೆ ಜಾಗ ಕೊಡಲ್ಲ" ಎಂದು ಅಕ್ಕ ಬೈಯುತ್ತಿದ್ದಳು.

ನಮಗೆ ಕಲಿಸಿದ್ದು ಕರಾವಳಿಯ ಒಬ್ಬ ಹುಡುಗಿ. ಅವಳು ಮಾತ್ರ ಜಾಕೆಟ್ಟು ಹಾಕುತ್ತಿರಲಿಲ್ಲ. ಅವಳ ಬೆನ್ನಿಗೆ ಒಂದು ಲೋಹದ ತಗಡು, ಅದರ ಸೀಳುಗಳಲ್ಲಿ ತೂರಿಸಿದ ಎರಡಿಂಚಿನ ಒಂದೇ ಉದ್ದನೆಯ ಪಟ್ಟಿ, ತಗಡಿನ ಹಿಂದೆ ಕುದುರೆ ಲಾಳದ ಆಕಾರದ ಗಾಳಿಚೀಲ, ಅಷ್ಟೇ. ತಗಡಿಗೆ ಬ್ಯಾಕ್‌ಪ್ಲೇಟ್ ಅನ್ನುತ್ತಾರೆ, ಗಾಳಿಚೀಲಕ್ಕೆ ವಿಂಗ್, ಅಂದರೆ ರೆಕ್ಕೆ. ಒಂದು ಮಧ್ಯಾಹ್ನ ಅವಳು ಅದನ್ನು ಅಕ್ಕನ ಹೆಗಲಿಗೆ ಏರಿಸಿ ಪಟ್ಟಿ ಎಳೆದು ಕೂರಿಸಿದಳು.

"ಇದಕ್ಕೆ ಸಣ್ಣದು, ದೊಡ್ಡದು ಅಂತ ಇಲ್ಲ ಅಕ್ಕ. ಪಟ್ಟಿ ನಿಮ್ಮ ಮೈಗೆ ಎಷ್ಟು ಬೇಕೋ ಅಷ್ಟು" ಅಂದಳು.

ಅಕ್ಕ ಎರಡು ಕೈಯನ್ನೂ ಅಗಲಿಸಿ, ಒಂದು ಸುತ್ತು ತಿರುಗಿ, ಉಸಿರನ್ನು ಪೂರ್ತಿ ಎಳೆದು ಬಿಟ್ಟಳು. ಅವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇನ್ನು ಇವಳು ಬಿಡುವವಳಲ್ಲ ಎಂದು.

ಬಸ್ಸಿನಲ್ಲಿ ಊರಿಗೆ ಬರುವಾಗ ಪೂರ್ತಿ ಅದೇ ಮಾತು. ಮೊಬೈಲಿನಲ್ಲಿ ಹೊಸ ಸೆಟ್ಟುಗಳ ಬೆಲೆ ನೋಡಿ ನಾನು ಮೊಬೈಲನ್ನು ಪಕ್ಕಕ್ಕಿಟ್ಟರೆ ಅಕ್ಕ ಎತ್ತಿಕೊಂಡು ಚಿತ್ರವನ್ನು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

"ಇದೇನೇ, ತೂತು ಹಾಕಿರೋ ತಗಡು! ಇದುಕ್ಕೆ ಇಷ್ಟು ಕೇಳ್ತಾರಾ? ತಿಪಟೂರಲ್ಲಿ ನಮ್ಮ ಗೇಟು ಮಾಡ್ದೋರ ಹತ್ರ ಮಾಡುಸ್ಬೋದು ಬುಡು."

"ಪಟ್ಟಿ ನಾನು ತರ್ತೀನಿ. ರೆಕ್ಕೆ ಏನ್ಮಾಡ್ತೀಯ?"

"ರೆಕ್ಕೇನೂ ನೀನೇ ಹೊಲಿಯೇ! ರೆಕ್ಸಿನ್ನಲ್ಲಿ ಬ್ಯಾಗ್ ಹೊಲಿಯಾಕಿಲ್ವಾ?"

ನನಗೂ ಒಂದು ಕ್ಷಣ ಕೈ ತುರಿಸಿತು. ಕಲಿಸಿದ ಹುಡುಗಿಗೆ ಫೋನ್ ಮಾಡಿ ಕೇಳಿದೆ. ಅವಳು ನಗಲಿಲ್ಲ. "ತಗಡು ಮಾಡಿಸಿ, ಪಟ್ಟಿ ನೀವೇ ಹಾಕಿಕೊಳ್ಳಿ. ಗಾಳಿ ನಿಲ್ಲುವ ಜಾಗದಲ್ಲಿ ಮಾತ್ರ ಉಳಿತಾಯ ಬೇಡ ಅಕ್ಕ. ಹೊಲಿಗೆಯಲ್ಲಿ ಗಾಳಿ ಸೋರಿದರೆ ನಿಮ್ಮನ್ನು ಮೇಲೆ ತರುವವರು ಯಾರು?" ಅಂದಳು. ಅಲ್ಲಿಗೆ ನಮ್ಮ ಲೆಕ್ಕ ತೀರ್ಮಾನವಾಯಿತು. ರೆಕ್ಕೆ ಒಳ್ಳೆಯ ಕಂಪನಿಯದೇ ಕೊಳ್ಳುವುದು, ಒಂದೇ ಸಿಲಿಂಡರಿಗೆ ಸಾಕಾಗುವಂಥದ್ದು, ದೊಡ್ಡದು ಬೇಡ. ಈಗ ಒಂದೇ ಕೊಳ್ಳುವುದು, ಇಬ್ಬರೂ ಹಂಚಿಕೊಳ್ಳುವುದು. ತಗಡು ಮಾತ್ರ ಇಬ್ಬರಿಗೂ ಒಂದೊಂದು.

ತಗಡು ಯಾವುದಿರಬೇಕು ಎಂಬುದಕ್ಕೆ ಒಂದು ವಾರ ಫೋನಿನಲ್ಲಿ ಜಗಳವಾಡಿದೆವು. ಅಕ್ಕನಿಗೆ ನೀರೊಳಗೆ ಇಳಿಯುವುದೇ ಕಷ್ಟ, ಬೆಂಡಿನ ಹಾಗೆ ತೇಲುತ್ತಾಳೆ. ಸೊಂಟಕ್ಕೆ ಸೀಸದ ತುಂಡುಗಳನ್ನು ಪೋಣಿಸಿ ಕಟ್ಟಿದರೇ ಇಳಿಯುವುದು. ಸ್ಟೀಲಿನ ತಗಡಾದರೆ ಅದರ ಭಾರವೇ ಬೆನ್ನ ಮೇಲಿದ್ದು ಸೊಂಟದ ಸೀಸ ಅಷ್ಟು ಕಡಿಮೆಯಾಗುತ್ತದೆ. ನಾನು ಸುಮ್ಮನೆ ಉಸಿರು ಬಿಟ್ಟರೆ ಸಾಕು, ಮುಳುಗುತ್ತೇನೆ. ನನಗೆ ಸ್ಟೀಲು ಯಾಕೆ? ಅದನ್ನು ಹೊತ್ತುಕೊಂಡು ಬಸ್ಸು ಹತ್ತಿ ಇಳಿಯುವುದೂ ನಾನೇ ತಾನೆ?

"ಅಲ್ಯೂಮಿನಿಯಂ ಪಾತ್ರೆ ಥರ ನೆಗ್ಗೋಯ್ತದೆ ಕಣೇ" ಅಂದಳು ಅಕ್ಕ.

"ನಂದು ನೆಗ್ಗಿದ್ರೆ ನೆಗ್ಗಲಿ, ನಿಂದು ನೀನು ಹೊತ್ಕೋ" ಅಂದೆ.

ಕೊನೆಗೆ ಅವಳಿಗೆ ಸ್ಟೇನ್‌ಲೆಸ್ ಸ್ಟೀಲು, ನನಗೆ ದಪ್ಪ ಅಲ್ಯೂಮಿನಿಯಂ ಎಂದಾಯಿತು.

ಮಳೆಗಾಲಕ್ಕೆ ಮುಂಚೆ ಇನ್ನೊಂದು ಸಲ ಸಮುದ್ರಕ್ಕೆ ಹೋದಾಗ ಆ ಹುಡುಗಿಯ ತಗಡನ್ನು ನ್ಯೂಸ್‌ಪೇಪರಿನ ಮೇಲೆ ಇಟ್ಟು ಸುತ್ತಲೂ, ತೂತುಗಳಿಗೂ ಪೆನ್ನಿನಲ್ಲಿ ಗೆರೆ ಎಳೆದುಕೊಂಡು ಬಂದಿದ್ದೆ. ಅದನ್ನು ತೆಗೆದುಕೊಂಡು ತಿಪಟೂರಿನ ವೆಲ್ಡಿಂಗ್ ಶಾಪಿಗೆ ಹೋದೆವು. ಅಕ್ಕನ ಮನೆಯ ಗೇಟು, ಟ್ರ್ಯಾಕ್ಟರಿನ ಟ್ರೈಲರು ಎಲ್ಲ ಮಾಡಿಕೊಟ್ಟಿದ್ದ ಸಾಯಿಬರು ಪೇಪರನ್ನು ಆ ಕಡೆ ಈ ಕಡೆ ತಿರುಗಿಸಿದರು.

"ಏನಕ್ಕ ಇದು, ಬೈಕಿಂದಾ?"

"ನಮ್ದು. ಬೆನ್ನಿಗೆ ಕಟ್ಕೊಂಡು ಸಮುದ್ರದೊಳಗೆ ಹೋಗ್ತೀವಿ."

ಅವರು ನಮ್ಮಿಬ್ಬರನ್ನೂ ನೋಡಿ, ತಗಡಿನ ಗೆರೆ ನೋಡಿ, "ಅರೆ, ಹಂಗಾದ್ರೆ ಅಂಚು ಚೆನ್ನಾಗಿ ಉಜ್ಜಬೇಕು, ಇಲ್ಲಾಂದ್ರೆ ಪಟ್ಟಿ ಕತ್ತರಿಸಿಹೋಗ್ತದೆ" ಅಂದರು. ಅಷ್ಟು ಹೇಳಿ ಕೆಲಸ ಶುರು ಮಾಡಿಯೇಬಿಟ್ಟರು. ನನಗೆ ಆ ಗ್ರೈಂಡರಿನ ಸದ್ದು ಹಬ್ಬದ ವಾಲಗದ ಹಾಗೆ ಕೇಳಿಸಿತು.

ರೆಕ್ಕೆ ಕೊರಿಯರಿನಲ್ಲಿ ಅಂಗಡಿಗೆ ಬಂದ ದಿನ ನಾನು ಗಿರಾಕಿಯೊಬ್ಬಳ ತೋಳಿನ ಅಳತೆಯನ್ನು ಅರ್ಧಕ್ಕೇ ಬಿಟ್ಟು ಡಬ್ಬಿ ಬಿಚ್ಚಿದೆ. ಕಪ್ಪು ಬಣ್ಣದ ರೆಕ್ಕೆ, ಹೊಸ ರಬ್ಬರಿನ ವಾಸನೆ. ಬಾಯಿಂದ ಊದಿದೆ. ಮಿಷನ್ನಿನ ಮೇಲೆ ದಪ್ಪಗೆ ಊದಿಕೊಂಡು ಕೂತಿತು. ಗಿರಾಕಿ, "ಏನ್ರೀ ಇದು, ಕೂರೋ ದಿಂಬಾ?" ಅಂದಳು. "ಹಾರೋ ದಿಂಬು" ಅಂದೆ. ಅಂಗಡಿ ಬಾಗಿಲು ಹಾಕಿ ತಿಪಟೂರಿನ ಬಸ್ಸು ಹತ್ತಿದೆ. ಅಕ್ಕ ಆ ಕಡೆಯಿಂದ ಬಂದು ವೆಲ್ಡಿಂಗ್ ಶಾಪಿನ ಮುಂದೆ ಕಾಯುತ್ತಿದ್ದಳು.

ರೆಕ್ಕೆಯನ್ನು ತಗಡಿಗೆ ಕೂರಿಸುವುದು ಮೇಲೊಂದು, ಕೆಳಗೊಂದು ಬೋಲ್ಟಿನಿಂದ. ಮೇಲಿನದು ಸಲೀಸಾಗಿ ಹೋಯಿತು. ಕೆಳಗಿನದು ಹೋಗಲಿಲ್ಲ. ಎಳೆದೆವು, ಒತ್ತಿದೆವು, ಊಹೂಂ. ತೂತು ಒಂದು ಬೆರಳಿನಷ್ಟು ಮೇಲಿತ್ತು. ಪೇಪರನ್ನು ಮತ್ತೆ ಹರಡಿ ನೋಡಿದರೆ ಕಾರಣ ಕಂಡಿತು. ಸಮುದ್ರದಿಂದ ವಾಪಸ್ಸು ಬರುವಾಗ ಅದನ್ನು ಒದ್ದೆ ಬಟ್ಟೆಯ ಜೊತೆ ಚೀಲದಲ್ಲಿ ತುರುಕಿದ್ದೆ. ನಡುವೆ ಸುಕ್ಕುಗಟ್ಟಿ ಒಣಗಿ, ನಮ್ಮ ಗೆರೆಯೇ ಗಿಡ್ಡವಾಗಿಬಿಟ್ಟಿತ್ತು. ಅಳತೆಯ ಕಸುಬು ಮಾಡುವವಳಿಗೇ ಹೀಗಾಯಿತಲ್ಲ ಎಂದು ನನಗೆ ಕಣ್ಣಲ್ಲಿ ನೀರೇ ಬಂತು.

"ಅಯ್ಯ, ಅಳ್ತಾಳಲ್ಲಪ್ಪ!" ಎಂದು ಅಕ್ಕ ನಕ್ಕಳು. "ಸಾಯಿಬ್ರೇ, ತೂತು ಕೆಳಕ್ಕೆ ಎಳೀರಿ."

ಸಾಯಿಬರು ತೂತನ್ನು ಉದ್ದಕ್ಕೆ ಕೊರೆದು, ಅಂಚು ಉಜ್ಜಿ ಕೊಟ್ಟರು. ಬೋಲ್ಟು ಒಳಗೆ ಇಳಿದು ನಟ್ಟು ತಿರುಗಿದಾಗ ಮೂವರೂ ಒಟ್ಟಿಗೆ "ಹಾ" ಅಂದೆವು. ನನ್ನ ತಗಡಿಗೂ ಅದೇ ಶಸ್ತ್ರಚಿಕಿತ್ಸೆ ಆಯಿತು.

ಪಟ್ಟಿ ಹಾಕಿದ್ದು ಅಕ್ಕನ ಮನೆಯ ಜಗುಲಿಯಲ್ಲಿ. ಬ್ಯಾಗು ಹೊಲಿಯುವವರಿಗೆ ಸಾಮಾನು ಮಾರುವ ಅಂಗಡಿಯಿಂದ ಗಟ್ಟಿ ನೈಲಾನ್ ಪಟ್ಟಿ ತರಿಸಿದ್ದೆ. ಒಂದು ಹೆಗಲಿನಿಂದ ಹೊರಟು ಸೊಂಟಕ್ಕೆ ಬಂದು ಇನ್ನೊಂದು ಹೆಗಲು ಸೇರುವವರೆಗೆ ಒಂದೇ ಪಟ್ಟಿ, ಎಲ್ಲೂ ಹೊಲಿಗೆಯಿಲ್ಲ. ಇಷ್ಟು ವರ್ಷ ಹೊಲಿದವಳಿಗೆ ಹೊಲಿಗೆಯೇ ಇಲ್ಲದ ಉಡುಪು ಮೈಗೆ ಹಾಗೆ ಕೂರುವುದನ್ನು ನೋಡಿ ಖುಷಿಯೋ ಖುಷಿ. ಹೊಲಿಗೆ ಬೇಕಾದದ್ದು ಒಂದೇ ಕಡೆ. ಹಿಂದಿನಿಂದ ಕಾಲಸಂದಿಯಲ್ಲಿ ಬಂದು ಸೊಂಟದ ಬಕಲಿಗೆ ಸಿಕ್ಕಿಸಿಕೊಳ್ಳುವ ಪಟ್ಟಿ ಒಂದಿದೆ, ತಗಡು ಮೇಲಕ್ಕೆ ಜಾರದಂತೆ ತಡೆಯುವುದು ಅದೇ. ಅದರ ತುದಿಯ ಕುಣಿಕೆಯನ್ನು ಅಡ್ಡ ಉದ್ದ ಹೊಲಿದು ತಂದಿದ್ದೆ.

ಅಕ್ಕ ಅದನ್ನು ಹಿಡಿದು, "ಇದೇನೇ, ಲಂಗೋಟಿ!" ಎಂದು ಕಿರುಚಿದಳು. ಒಳಗಿದ್ದ ಭಾವ ಹೊರಗೆ ಬಂದು ಏನೆಂದು ನೋಡಿ, ಹಾಗೇ ಒಳಗೆ ಹೋದರು. ನಾವು ನಕ್ಕು ನಕ್ಕು ಜಗುಲಿಯ ಮೇಲೆ ಒರಗಿಕೊಂಡೆವು.

ಮಾರನೆಯ ದಿನ ಬೆಳಿಗ್ಗೆ ತೋಟದ ಕೃಷಿಹೊಂಡದಲ್ಲಿ ಪರೀಕ್ಷೆ. ಸಿಲಿಂಡರ್ ಇರಲಿಲ್ಲ, ನಮ್ಮ ಸೀಮೆಯಲ್ಲಿ ಅದನ್ನು ತುಂಬಿಸುವವರೂ ಇಲ್ಲ. ತೇಲಿಸುತ್ತದೆಯೋ ಇಲ್ಲವೋ ಎಂದು ನೋಡುವುದಷ್ಟೇ ಬೇಕಿತ್ತು. ಹೊಂಡದ ಪ್ಲಾಸ್ಟಿಕ್ ಜಾರುತ್ತದೆಂದು ಭಾವ ತೆಂಗಿನ ಮರಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಅಕ್ಕನ ಸೊಂಟಕ್ಕೆ ಬಿಗಿದರು. ಅಕ್ಕ ಇಳಿದಳು. ನೀರು ಗಲ್ಲ ಮುಟ್ಟುವವರೆಗೆ ಹೋಗಿ, ರೆಕ್ಕೆಯ ಕೊಳವೆ ಬಾಯಿಗಿಟ್ಟು ಊದಿದಳು. ನಿಧಾನವಾಗಿ ಭುಜ ಮೇಲೆ ಬಂತು, ಎದೆ ಮೇಲೆ ಬಂತು. ಕೈ ಆಡಿಸದೆ, ಕಾಲು ಬಡಿಯದೆ ನೀರ ಮೇಲೆ ಕೂತ ಹಾಗೆ ನಿಂತಳು.

"ಬಿಗಿಯಾಯ್ತಾ?" ಎಂದು ಭಾವ ಕೇಳಿದರು.

"ಬಿಗಿಯೇ ಇಲ್ಲ ಕಣ್ರೀ! ಏನೂ ಹಾಕ್ಕೊಂಡಂಗೇ ಇಲ್ಲ!"

ಭಾವ ಮುಖ ತಿರುಗಿಸಿಕೊಂಡು ನಕ್ಕಿದ್ದನ್ನು ನಾನು ನೋಡಿದೆ.

ಮಳೆಗಾಲ ಮುಗಿದು ದೋಣಿಗಳು ಶುರುವಾದ ಕೂಡಲೇ ಹೊರಟೆವು. ಕಲಿಸಿದ ಹುಡುಗಿ ನಮ್ಮ ತಗಡುಗಳನ್ನು ಎತ್ತಿ, ಅಂಚಿನ ಮೇಲೆ ಬೆರಳಾಡಿಸಿ, ಪ್ರತಿಯೊಂದು ಪಟ್ಟಿಯನ್ನೂ ಜಗ್ಗಿ, ನನ್ನ ಹೊಲಿಗೆಯ ಕುಣಿಕೆಗೆ ಕಾಲು ಕೊಟ್ಟು ಎಳೆದು ನೋಡಿದಳು. "ಇಳಿಯಬಹುದು" ಅಂದಳು.

ಇದ್ದದ್ದು ಒಂದೇ ರೆಕ್ಕೆ. ನೀರೊಳಗೆ ಹೋಗುವುದೋ ಯಾವಾಗಲೂ ಜೋಡಿಯಾಗಿ. ಒಬ್ಬಳಿಗೆ ರೆಕ್ಕೆ, ಇನ್ನೊಬ್ಬಳಿಗೆ ಮತ್ತೆ ಕಿವಿಗೇರುವ ಜಾಕೆಟ್ಟು ಎಂದು ಮೊದಲೇ ಗೊತ್ತಿತ್ತು. ಚೀಟಿ ಎತ್ತುವುದೆಂದು ಬಸ್ಸಿನಲ್ಲಿ ಮಾತಾಡಿಕೊಂಡಿದ್ದೆವು. ಅಕ್ಕ ಚೀಟಿಯ ಮಾತು ತೆಗೆಯುತ್ತಿದ್ದಂತೆ ಆ ಹುಡುಗಿ, "ನನ್ನದೊಂದು ಹಳೇ ವಿಂಗ್ ಸುಮ್ಮನೆ ಬಿದ್ದಿದೆ. ಸೋರುವುದಿಲ್ಲ, ಮೊನ್ನೆ ತಾನೇ ನೋಡಿದ್ದೇನೆ. ನಿಮ್ಮ ತಗಡಿಗೆ ಕೂತರೆ ಹಾಕಿಕೊಳ್ಳಿ" ಅಂದಳು. ದೋಣಿಯ ಅಂಚಿನಲ್ಲಿ ಕೂತು ಅದನ್ನು ನನ್ನ ತಗಡಿಗಿಟ್ಟು ನಾನೇ ಬೋಲ್ಟು ಹಾಕಿದೆ. ಮೇಲಿನದೂ ಹೋಯಿತು, ಕೆಳಗಿನದೂ ಹೋಯಿತು.

ನೇತ್ರಾಣಿಯ ನೀರು ಅವತ್ತು ತಿಳಿಯಾಗಿತ್ತು. ಇಬ್ಬರೂ ಒಟ್ಟಿಗೆ ಇಳಿದೆವು. ಬಂಡೆಯ ಹತ್ತಿರ ಹೋದಾಗ ಅಕ್ಕ ಒಂದು ಮೊಳ ಮೇಲೆ ನಿಂತುಬಿಟ್ಟಳು. ಮಲಗಿದ ಹಾಗೆ ಅಡ್ಡಲಾಗಿ, ಕೈ ಎರಡೂ ಎದೆಯ ಮುಂದೆ ಮಡಿಸಿಕೊಂಡು, ಮೇಲಕ್ಕೂ ಹೋಗದೆ ಕೆಳಕ್ಕೂ ಹೋಗದೆ. ಅವಳ ಕೆಳಗೆ ಹಳದಿ ಮೀನಿನ ದಂಡು ಹಾದುಹೋಯಿತು. ಹಸು, ಒಲೆ, ತೋಟ ಎಂದು ಬೆಳಗಿನಿಂದ ಓಡುವ ಅಕ್ಕ ಒಂದು ಕಡೆ ಸುಮ್ಮನೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹತ್ತಿರ ಹೋಗಲಿಲ್ಲ. ಅವಳ ಬಾಯಿಂದ ಗುಳ್ಳೆಗಳು ಒಂದೊಂದೇ ಗೊಂಚಲಾಗಿ, ಅವಸರವಿಲ್ಲದೆ ಮೇಲೇರುವುದನ್ನು ನೋಡುತ್ತ ಪಕ್ಕದಲ್ಲೇ ತೇಲುತ್ತಿದ್ದೆ.

ಮೇಲೆ ಬಂದು ಬಾಯಿಯ ಕೊಳವೆ ತೆಗೆದ ಕೂಡಲೇ ಅಕ್ಕ ದೋಣಿಯವರಿಗೆಲ್ಲ ಕೇಳುವ ಹಾಗೆ ಕೂಗಿದಳು: "ಲೇ, ಇನ್ನೊಂದ್ ಸಿಲಿಂಡ್ರು ತಗಳೇ, ನಾನಿನ್ನೂ ನೋಡಿ ಮುಗಿಸಿಲ್ಲ!"