ಅವ್ವ ಕಲಿತ ಣಕಾರ

ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗಿಯರು ರಜೆ ಕೇಳಿ ಫೋನ್ ಮಾಡಿದರೆ ನಾನು ಎರಡು ಸಲ ಕೇಳುತ್ತೇನೆ: ಪನಿಯೋ, ಪಣಿಯೋ? ಮಲಯಾಳದಲ್ಲಿ ಪನಿ ಅಂದರೆ ಜ್ವರ, ಪಣಿ ಅಂದರೆ ಕೆಲಸ. ವ್ಯತ್ಯಾಸ ಒಂದು ನಕಾರ, ಒಂದು ಣಕಾರ, ಅಷ್ಟೇ. ಮಲಯಾಳವನ್ನೇ ಆಡಿ ಬೆಳೆದ ಆ ಹುಡುಗಿಯರಿಗೆ ನನ್ನ ಪ್ರಶ್ನೆ ತಮಾಷೆ. ಪಕ್ಕದಲ್ಲಿ ನಿಂತವರು ಕಿಸಕ್ಕನೆ ನಗುತ್ತಾರೆ. ನಗಲಿ ಬಿಡಿ. ನನಗೆ ಉತ್ತರ ಸರಿಯಾಗಿ ಬೇಕು.

ನಾನು ಕೇರಳದ ಮಾನಂದವಾಡಿಯ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಫ್ಲೋರ್ ಇನ್‌ಚಾರ್ಜ್. ಪ್ಲಸ್ ಟು ಮುಗಿಸಿ ಸೋಪು, ಪೇಸ್ಟುಗಳ ಸಾಲಿನಲ್ಲಿ ನಿಲ್ಲಲು ಸೇರಿದವಳು. ನನ್ನ ಬಾಯಿ ಜೋರು. ಕರ್ನಾಟಕದ ಕಡೆಯಿಂದ ಬರುವ ಗಿರಾಕಿಗಳ ಹತ್ತಿರ ಕನ್ನಡ, ಮಿಕ್ಕವರ ಹತ್ತಿರ ಮಲಯಾಳ, ಎರಡರಲ್ಲೂ ಜಗಳ ಆಡಿ ಗೆಲ್ಲುತ್ತಿದ್ದೆ. ಅದನ್ನು ನೋಡಿಯೇ ಇರಬೇಕು, ಮುದಲಾಳಿ, ಅಂದರೆ ನಮ್ಮ ಅಂಗಡಿಯ ಯಜಮಾನರು, ಕೆಲವೇ ವರ್ಷಗಳಲ್ಲಿ ಇಡೀ ಫ್ಲೋರನ್ನು ನನಗೆ ಒಪ್ಪಿಸಿದರು. ಒಂದು ದಿನ ಕರೆದು, "ಹೊಸ ಬ್ರಾಂಚ್ ತೆಗೆಯುತ್ತೇನೆ. ಡಿಗ್ರಿ ಮಾಡಿಕೊ, ಮ್ಯಾನೇಜರ್ ನೀನೇ" ಎಂದರು. ಮರುವರ್ಷವೇ ನಾನು ಬಿ.ಕಾಂ.ಗೆ ಸೇರಿದೆ. ಮನೆಯಲ್ಲೇ ಕೂತು ಓದುವ ಡಿಗ್ರಿಯಲ್ಲ, ದಿನಾ ಹೋಗಿ ಹಾಜರಿ ಕೊಡಬೇಕಾದ ಕಾಲೇಜು. ಬೆಳಗ್ಗೆ ಬೆಂಚಿನ ಮೇಲೆ ವಿದ್ಯಾರ್ಥಿನಿ, ಮಧ್ಯಾಹ್ನದಿಂದ ಅಂಗಡಿ ಮುಚ್ಚುವ ತನಕ ಹತ್ತಾರು ಜನರ ಮೇಲೆ ಯಜಮಾನಿ, ಅವರ ಬಾಯಲ್ಲಿ ಚೇಚ್ಚಿ, ಅಂದರೆ ಅಕ್ಕ. ಊಟವನ್ನು ಈ ಎರಡರ ನಡುವೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನುಂಗುತ್ತಿದ್ದೆ, ತಿನ್ನುತ್ತಿರಲಿಲ್ಲ.

ಎಲ್ಲಕ್ಕಿಂತ ಮೈ ಉರಿಸುತ್ತಿದ್ದದ್ದು ರಜೆ. ಕಾಲೇಜಿಗೆ ಭಾನುವಾರ ರಜೆ, ಅಂಗಡಿಗೆ ಭಾನುವಾರವೇ ಜಾತ್ರೆ. ಅಂಗಡಿಯಲ್ಲಿ ನನಗೆ ರಜೆ ಮಂಗಳವಾರ, ಅವತ್ತು ಕಾಲೇಜಿನಲ್ಲಿ ಪಾಠ. ಹೀಗೆ ಎರಡು ರಜೆ ಇದ್ದೂ ನನಗೆ ಒಂದೂ ಇರಲಿಲ್ಲ. ಮಂಗಳವಾರ ಪಾಠ ಮುಗಿದ ಕೂಡಲೇ ತಿರುನೆಲ್ಲಿ ಬಸ್ಸು ಹಿಡಿದು ನಮ್ಮ ಹಳ್ಳಿಗೆ ಹೋಗಿ, ಬುಧವಾರ ಮೊದಲ ಬಸ್ಸಿಗೇ ವಾಪಸ್ಸು. ಅವ್ವನಿಗೆ ನಾನು ಸಿಗುತ್ತಿದ್ದದ್ದು ಅಷ್ಟೇ ಹೊತ್ತು. ಅದರಲ್ಲೂ ಅರ್ಧ ನಾನು ನಿದ್ದೆ ಹೋಗುತ್ತಿದ್ದೆ.

"ಅದೇನ್ ಅಂಗಡಿನೋ, ಅದೇನ್ ಕಾಲೇಜೋ, ಎರಡೂ ಸೇರ್ಕಂಡು ನಿನ್ನ ತಿಂದಾಕ್ತವೆ ಕನ್ ಮಗ" ಅನ್ನುತ್ತಿದ್ದಳು ಅವ್ವ, ತಟ್ಟೆಗೆ ಇನ್ನಷ್ಟು ಅನ್ನ ಸುರಿಯುತ್ತಾ.

"ಒಂದ್ ವರ್ಷ ತಡಿ ಅವ್ವ. ಆಮೇಲೆ ನೀನು ಕೂತ್ಕ, ನಾನು ಬಡಿಸ್ತೀನಿ."

ಇದು ನಮ್ಮಿಬ್ಬರ ನಡುವಿನ ಕರಾರು. ನಮ್ಮದೊಂದು ತುಂಡು ಗದ್ದೆ ಇತ್ತು, ಅದು ಸಾಲದೆ ಅವ್ವ ಬೇರೆಯವರ ಗದ್ದೆಗೂ ಇಳಿಯುತ್ತಿದ್ದಳು. ಮಳೆಗಾಲ ಪೂರ್ತಿ ಅವಳ ಕಾಲ್ಬೆರಳ ಸಂದಿಗಳಲ್ಲಿ ಕೆಸರುಹುಣ್ಣು. ಸಂಜೆ ಒಲೆಯ ಮುಂದೆ ಕಾಲು ಚಾಚಿ, ಅರಿಸಿನ ಕಲಸಿದ ಎಣ್ಣೆ ಹಚ್ಚಿಕೊಳ್ಳುತ್ತಾ ಹಲ್ಲು ಕಚ್ಚುತ್ತಿದ್ದಳು. ನನಗೆ ಡಿಗ್ರಿ ಬೇಕಿದ್ದದ್ದು ಕುರ್ಚಿಗಲ್ಲ, ಆ ಕಾಲುಗಳಿಗೆ. ಮ್ಯಾನೇಜರ್ ಆದರೆ ಮಾನಂದವಾಡಿಯಲ್ಲಿ ಮನೆ ಹಿಡಿದು ಅವ್ವ ಅಪ್ಪ ಇಬ್ಬರನ್ನೂ ಕರೆತರಬಹುದಿತ್ತು. ಅವ್ವ ಮೊದಲೆಲ್ಲ ಒಪ್ಪಲಿಲ್ಲ, ಕೊನೆಗೆ ನನ್ನ ಕಾಟ ತಾಳಲಾರದೆ, "ಆಗ್ಲಿ ಕನವ್ವ, ನೀನು ಪಾಸಾದ ದಿನ ಕಾಲ್ ತೊಳ್ಕಂಡು ಗದ್ದೆಯಿಂದ ಮೇಲಕ್ಕೆ ಹತ್ತೀನಿ" ಎಂದಳು. ನಾನು ಅವಳ ಕೈಯನ್ನು ನನ್ನ ತಲೆಯ ಮೇಲೆ ಇರಿಸಿಕೊಂಡು ಆಣೆ ಹಾಕಿಸಿಕೊಂಡೆ.

ಈಗ ಆ ಣಕಾರದ ಕಥೆ. ನಮ್ಮ ಮನೆಯ ಮಾತು ಕನ್ನಡ, ಆದರೆ ನಮ್ಮ ಹಿರಿಯರ ನಾಲಗೆಗೆ ಣಕಾರ ಹೊರಳುತ್ತಿರಲಿಲ್ಲ. ಹಣ್ಣು ಅನ್ನುವುದು ಹನ್ನು, ಕಣ್ಣು ಅನ್ನುವುದು ಕನ್ನು. ಕನ್ನಡದಲ್ಲಿ ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಗದ್ದೆಯ ಕೆಲಸ ಕೇಳುವುದು ಮಲಯಾಳದಲ್ಲಿ. ನಾನು ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ಬೆಳಗ್ಗೆ ಅವ್ವನ ಜೊತೆ ಗದ್ದೆ ಬದುವಿನ ಮೇಲೆ ನಿಂತಿದ್ದೆ. ಗದ್ದೆಯವರ ಮನೆಯ ಹೆಂಗಸನ್ನು ಅವ್ವ ಕೇಳಿದಳು, "ಇನ್ನ್ ಪನಿ ಉಂಡೋ?" ಇವತ್ತು ಕೆಲಸ ಇದೆಯಾ ಅಂತ ಅವಳು ಕೇಳಿದ್ದು. ಇವತ್ತು ಜ್ವರ ಇದೆಯಾ ಅಂತ ಅವರಿಗೆ ಕೇಳಿಸಿದ್ದು. ಆ ಹೆಂಗಸು ತನ್ನ ಹಣೆ ಮುಟ್ಟಿ ನೋಡಿಕೊಂಡು, "ಇಲ್ಲವಲ್ಲ, ತಣ್ಣಗಿದೆ" ಎಂದಳು. ಸಸಿ ಕೀಳುತ್ತಿದ್ದವರೆಲ್ಲ ಬಗ್ಗಿದ್ದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವನೂ ಅವರ ಜೊತೆ ನಕ್ಕಳು. ನನಗೆ ಮಾತ್ರ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆ ಸಂಜೆ ನಾನು ಒಲೆಯ ಪಕ್ಕ ಕೂತು ಅವಳಿಗೆ ಪಾಠ ಶುರುಮಾಡಿದೆ. "ನಾಲಗೆ ಹಿಂದಕ್ಕೆ ಮಡಚು ಅವ್ವ. ಮೇಲಕ್ಕೆ ತಾಗಿಸು. ಣ. ಪಣಿ."

"ಪನಿ."

"ಪನಿ ಅಲ್ಲವ್ವ, ಪಣಿ!"

"ಅಯ್ಯೋ, ಮುದ್ದೆ ತಿನ್ನೋ ನಾಲಗೆ ಕನೇ ಇದು, ಹೆಂಗ್ ಮಡಚಾದು?"

ಆದರೂ ಕಲಿತಳು. ಸೌದೆ ನೂಕುವಾಗ ಪಣಿ, ಸೊಪ್ಪು ಬಿಡಿಸುವಾಗ ಪಣಿ. ಅಪ್ಪ, "ಇವಳಿಗೆ ಏನೋ ಮೆಟ್ಕಂಡದೆ" ಎಂದು ರೇಗಿಸುತ್ತಿದ್ದ. ಎಷ್ಟು ಚೆನ್ನಾಗಿ ಕಲಿತಳೆಂದರೆ ಮಲಯಾಳ ಆಡುವಾಗ ಆ ಶಬ್ದದಲ್ಲಿ ನಕಾರವೇ ಅವಳ ಬಾಯಿಗೆ ಬಾರದಾಯಿತು. ಜ್ವರಕ್ಕೂ ಪಣಿ, ಕೆಲಸಕ್ಕೂ ಪಣಿ. ಜ್ವರ ಬಂದವರ ಮುಖ ನೋಡಿದರೆ ತಿಳಿಯುತ್ತದಲ್ಲ, ಹಾಗಾಗಿ ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ನಾನೂ ತಿದ್ದಲು ಹೋಗಲಿಲ್ಲ.

ಕೊನೆಯ ವರ್ಷದ ಓಣಂ ಬಂತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಬಾಳೆಕಾಯಿ ಉಪ್ಪೇರಿ, ಹಪ್ಪಳ, ಪಾಯಸದ ಪೊಟ್ಟಣ, ಒಂದು ಕಡೆ ತುಂಬಿದರೆ ಇನ್ನೊಂದು ಕಡೆ ಖಾಲಿ. ಕಾಲೇಜಿನಲ್ಲಿ ಅದೇ ವಾರ ಇಂಟರ್ನಲ್ ಪರೀಕ್ಷೆ. ಡ್ಯೂಟಿಯ ಹೊತ್ತಿನಲ್ಲಿ ಎಲ್ಲರ ಮೊಬೈಲೂ ಲಾಕರಿನಲ್ಲಿ ಇರಬೇಕೆಂದು ನಿಯಮ, ನನ್ನದೂ ಸೇರಿ. ಅದಕ್ಕೇ ಅವ್ವನಿಗೆ ಅಂಗಡಿಯ ನಂಬರು ಕೊಟ್ಟಿದ್ದೆ. ಜೊತೆಗೆ ಹೇಳಿಯೂ ಇದ್ದೆ, "ಅಲ್ಲಿ ಕನ್ನಡ ಆಡಬೇಡವ್ವ, ಅವರಿಗೆ ತಿಳಿಯಲ್ಲ. ಮಲಯಾಳದಲ್ಲೇ ಹೇಳು."

ಆ ಶನಿವಾರ ಸಂಜೆ ಬಿಲ್ಲಿಂಗ್ ಹುಡುಗಿ ಜನರ ನಡುವೆ ನುಗ್ಗಿಕೊಂಡು ಬಂದು ನನ್ನ ತೋಳು ಹಿಡಿದಳು. "ಚೇಚ್ಚೀ, ಅಮ್ಮ ಫೋನ್ ಮಾಡಿದ್ದರು. ಪಣಿ ಇದೆಯಂತೆ, ಬರೋಕೆ ಹೇಳಿದರು."

"ಪಣಿ!" ನನಗೆ ರೇಗಿ ಹೋಯಿತು. "ಯಾವತ್ತು ಇಲ್ಲ ಅವಳಿಗೆ ಪಣಿ? ಓಣಂ ವಾರದಲ್ಲಿ ನನ್ನನ್ನು ಕಳೆ ಕೀಳೋಕೆ ಕರೀತಾಳಾ?"

ಹುಡುಗಿ ನಕ್ಕಳು, ನಾನೂ ನಕ್ಕೆ. ಟೀ ಕುಡಿಯುವ ಹೊತ್ತಿಗೆ ಸ್ಟೋರ್ ರೂಮಿನಿಂದ ಅವ್ವನಿಗೆ ಫೋನ್ ಹಚ್ಚಿದೆ. ಸಿಗಲಿಲ್ಲ. ನಮ್ಮ ಮನೆಯ ಹತ್ತಿರ ರೇಂಜ್ ಇಲ್ಲ. ಗದ್ದೆಯ ಮೇಲಿನ ದಿಬ್ಬ ಹತ್ತಿ, ಹಲಸಿನ ಮರದ ಬುಡದಲ್ಲಿ ನಿಂತರೆ ಮಾತ್ರ ಸಿಗುತ್ತದೆ. ಭಾನುವಾರವೂ ಹಚ್ಚಿದೆ, ಸಿಗಲಿಲ್ಲ. ಹೇಗೂ ಮಂಗಳವಾರ ಹೋಗುತ್ತೇನಲ್ಲ ಅಂದುಕೊಂಡೆ.

ಸೋಮವಾರ ಪರೀಕ್ಷೆ ಬರೆದು ಹೊರಗೆ ಬಂದು ಮೊಬೈಲ್ ಆನ್ ಮಾಡಿದರೆ ಅಪ್ಪನ ಕರೆಗಳು ಸಾಲಾಗಿ ನಿಂತಿದ್ದವು. ವಾಪಸ್ ಮಾಡಿದೆ. ಅಪ್ಪ ಹೆಚ್ಚು ಮಾತಿನ ಮನುಷ್ಯನಲ್ಲ. "ಅವ್ವನ್ನ ಆಸ್ಪತ್ರೆಗೆ ತಂದಿವ್ನಿ. ಬಾ" ಎಂದ. ಕಾಲೇಜಿನಿಂದ ಆಸ್ಪತ್ರೆಯ ತನಕ ಓಡಿದೆ, ಆಟೋ ಹಿಡಿಯಬೇಕೆಂದು ಹೊಳೆಯಲೇ ಇಲ್ಲ.

ಅವ್ವನ ಕಣ್ಣು ಅರಿಸಿನ ಕಲಸಿದ ಹಾಗೆ ಹಳದಿಯಾಗಿತ್ತು. ಎಲಿಪ್ಪನಿ ಅಂದರು ಡಾಕ್ಟರು, ನಮ್ಮ ಮಾತಿನಲ್ಲಿ ಇಲಿಜ್ವರ. ಇಲಿಯ ಉಚ್ಚೆ ಬೆರೆತ ಗದ್ದೆ ನೀರು ಕಾಲಿನ ಹುಣ್ಣಿನಿಂದ ಒಳಗೆ ಹೋಗಿ ಬರುವ ಜ್ವರ ಅದು. ಅವ್ವ, ಅಪ್ಪ ಇಬ್ಬರೂ ಮಾಮೂಲಿ ಮೈಬಿಸಿ ಅಂದುಕೊಂಡು ಮೆಡಿಕಲ್ ಶಾಪಿನ ಗುಳಿಗೆ ನಂಬಿ ಕಾಯುತ್ತಾ ಕೂತಿದ್ದರು. ಅವರು ಕಾಯುತ್ತಿದ್ದದ್ದು ನನ್ನನ್ನು. ಮಗಳು ಬಂದರೆ ಯಾವ ಆಸ್ಪತ್ರೆ, ಯಾವ ಡಾಕ್ಟರು ಎಂದು ಅವಳೇ ನೋಡುತ್ತಾಳೆ ಎಂದು ಅವ್ವ ಹೇಳಿದ್ದಳಂತೆ.

"ಯಾಕ್ ಮಗ ಬರ್ಲಿಲ್ಲ? ಫೋನ್ ಮಾಡಿದ್ನಲ್ಲ" ಎಂದಳು. ಸಿಟ್ಟಿನಿಂದಲ್ಲ, ನನ್ನ ಕೆನ್ನೆ ಸವರುತ್ತಾ. ಅವಳ ಕೈ ಕೆಂಡವಾಗಿತ್ತು.

"ನೀನು ಪಣಿ ಅಂದೆಯಂತೆ ಅವ್ವ. ಕೆಲಸ ಅಂತ ಅವರು ತಿಳ್ಕೊಂಡ್ರು."

"ಹೂಂ, ಪಣಿ ಅಂದೆ. ಪಣಿ ಬಂದದೆ, ಬರೋಕ್ ಹೇಳು ಅಂದೆ. ನೀನ್ ಹೇಳ್ಕೊಟ್ಟಂಗೇ ನಾಲಗೆ ಮಡಚಿ ಹೇಳ್ದೆ ಕನವ್ವ."

ಹೇಗೆ ಹೇಳಲಿ ಅವಳಿಗೆ? ಜ್ವರ ಎಂದು ಕನ್ನಡದಲ್ಲೇ ಒದರಿದ್ದರೂ ಆ ಹುಡುಗಿಗೆ ತಿಳಿಯುತ್ತಿತ್ತು, ಮಲಯಾಳದವರಿಗೂ ಜ್ವರ ಅಂದರೆ ಜ್ವರವೇ. ಕನ್ನಡ ಆಡಬೇಡ ಎಂದವಳು ನಾನು. ನಾಲಗೆ ಮಡಚಲು ಕಲಿಸಿದವಳು ನಾನು. ಅವ್ವನ ಬಾಯಲ್ಲಿ ಜ್ವರವೂ ಪಣಿಯೇ ಎಂದು ಗೊತ್ತಿದ್ದೂ ಆ ಗದ್ದಲದಲ್ಲಿ ಹೊಳೆಯದೆ ಹೋದವಳೂ ನಾನು. ಮೈಯೆಲ್ಲ ಸುಡುತ್ತಿರುವಾಗ ಆ ದಿಬ್ಬ ಹತ್ತಿ, ಹಲಸಿನ ಮರ ಹಿಡಿದುಕೊಂಡು ನಿಂತು, ಮಗಳ ಮರ್ಯಾದೆ ಹೋಗದ ಹಾಗೆ ಅವಳು ಣಕಾರ ಒತ್ತಿ ಹೇಳಿದ್ದಳು.

ಅಷ್ಟು ಹೊತ್ತಿಗೆ ಅವಳಿಗೇ ಅರ್ಥವಾಗಿರಬೇಕು. ನನ್ನ ಮುಖ ನೋಡಿ ನಕ್ಕಳು, ಗದ್ದೆ ಬದುವಿನ ಮೇಲೆ ನಿಂತು ನಕ್ಕಳಲ್ಲ, ಅದೇ ನಗು. "ಹೋಗ್ಲಿ ಬಿಡು. ಎರಡೂ ಒಂದೇ ಅಲ್ವಾ? ಪರೀಕ್ಷೆ ಚೆನ್ನಾಗಿ ಬರ್ದ್ಯಾ?"

"ಬರೆದೆ ಅವ್ವ."

"ಹಂಗಾದ್ರೆ ಸರಿ" ಎಂದಳು.

ಮಾತಾಡಿದ್ದು ಅದೇ ಕೊನೆ. ಮೂತ್ರಪಿಂಡ ಕೆಲಸ ನಿಲ್ಲಿಸಿದೆ, ಕೋಳಿಕ್ಕೋಡಿಗೆ ಒಯ್ಯಿರಿ ಎಂದರು. ಆಂಬುಲೆನ್ಸು ಘಾಟಿ ಇಳಿಯುವಾಗ ತಿರುವು ತಿರುವಿಗೂ ಅವಳ ತಲೆ ನನ್ನ ತೊಡೆಯ ಮೇಲೆ ಅತ್ತಿತ್ತ ಹೊರಳುತ್ತಿತ್ತು, ನಾನು ಹಿಡಿದುಕೊಂಡೇ ಇದ್ದೆ. ಅಲ್ಲಿ ಎರಡು ದಿನ ಯಂತ್ರಗಳ ನಡುವೆ ಮಲಗಿದ್ದು, ಕಣ್ಣು ಬಿಡದೆ ಹೋಗಿಬಿಟ್ಟಳು. ನಮ್ಮ ಊರಿನಲ್ಲಿ ಗದ್ದೆಯ ಮೇಲಿನ ದಿಬ್ಬದಲ್ಲೇ ಸುಟ್ಟೆವು, ಹಲಸಿನ ಮರದಿಂದ ಸ್ವಲ್ಪ ಆಚೆ. ನಾನು ಪಾಸಾಗುವ ಮೊದಲೇ ಅವ್ವ ಗದ್ದೆಯಿಂದ ಮೇಲಕ್ಕೆ ಹತ್ತಿದ್ದಳು. ಹೆಣ್ಣುಮಕ್ಕಳು ಅಲ್ಲಿಗೆ ಬರಬಾರದು ಎಂದು ಯಾರೋ ಅಂದರು. ನಾನು ಬಾಯಿಗೆ ಬಂದಂತೆ ಬೈದು ಹತ್ತಿಯೇ ಹತ್ತಿದೆ. ಅಪ್ಪ ಅವರಿಗೆ ಸುಮ್ಮನಿರುವಂತೆ ಕೈ ಮಾಡಿದ.

ಅವತ್ತೆಲ್ಲ ನಾನು ಅಳಲಿಲ್ಲ. ಬಂದವರಿಗೆ ಚಾಪೆ ಹಾಕಿದೆ, ಕಾಫಿ ಕಾಸಿದೆ, ಅಪ್ಪನನ್ನು ಬೈದು ಉಣ್ಣಿಸಿದೆ. ಫ್ಲೋರ್ ನೋಡಿಕೊಂಡು ಅಭ್ಯಾಸವಾದವಳು, ಸಾವಿನ ಮನೆಯನ್ನೂ ಹಾಗೇ ನೋಡಿಕೊಂಡೆ. ತಿಥಿ ಮುಗಿಸಿ ಅಂಗಡಿಗೆ ಹೋದಾಗ ಬಿಲ್ಲಿಂಗ್ ಹುಡುಗಿ ಎದುರು ನಿಂತು ಬಿಕ್ಕಿ ಬಿಕ್ಕಿ ಅತ್ತಳು. "ಚೇಚ್ಚೀ, ಪಣಿ ಅಂತಲೇ ಕೇಳಿಸಿತು. ಸತ್ಯವಾಗಲೂ."

"ಸರಿಯಾಗೇ ಕೇಳಿಸಿದೆ ನಿನಗೆ" ಎಂದೆ. "ಕಣ್ಣೊರೆಸಿಕೊ. ಕೌಂಟರಿನಲ್ಲಿ ಜನ ನಿಂತಿದ್ದಾರೆ."

ಕಾಲೇಜಿನಲ್ಲಿ ನನ್ನ ಹಾಜರಿ ಕಡಿಮೆ ಬಿದ್ದಿತ್ತು. ಕಾರಣ ಹೇಳಿ ವಿನಾಯಿತಿ ಪಡೆಯದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ವಿಭಾಗದ ಮುಖ್ಯಸ್ಥೆಯ ಕೋಣೆಗೆ ಹೋಗಿ ನಿಂತೆ. ಒಳ್ಳೆಯ ಹೆಂಗಸು. ಕ್ಲಾಸಿನಲ್ಲಿ ನಾನು ತೂಕಡಿಸಿದರೂ ನೋಡದವರಂತೆ ಇರುತ್ತಿದ್ದರು. ಅವ್ವ ಹೋದ ಸುದ್ದಿ ಅವರಿಗೆ ತಲುಪಿರಲಿಲ್ಲ. ತಲೆಯೆತ್ತಿ, "ಇಷ್ಟು ದಿನ ಯಾಕೆ ಬರಲಿಲ್ಲ?" ಎಂದು ಕೇಳಿದರು.

ನಾನು ಮಲಯಾಳದಲ್ಲಿ ಇಡೀ ಪೇಟೆಯನ್ನು ಗೆದ್ದವಳು, ಅವ್ವನ ಉಚ್ಚಾರವನ್ನೇ ತಿದ್ದಿದವಳು. ಬಾಯಿ ತೆರೆದೆ. "ಅಮ್ಮಯ್ಕ್ಕ್ ಪಣಿಯಾಯಿರುನ್ನು, ಟೀಚರ್" ಎಂದೆ. ಅಮ್ಮನಿಗೆ ಪಣಿ ಆಗಿತ್ತು. ನನ್ನ ನಾಲಗೆ ತಾನಾಗಿಯೇ ಹಿಂದಕ್ಕೆ ಮಡಚಿಕೊಂಡಿತ್ತು, ಅವ್ವನ ನಾಲಗೆಯಂತೆ.

ಟೀಚರು ಹುಬ್ಬು ಗಂಟಿಕ್ಕಿದರು. "ಪಣಿಯಾ? ಕೆಲಸ ಅಂತ ಇಷ್ಟು ದಿನ ರಜೆ ಹಾಕಿದರೆ ಹೇಗೆ? ಅಥವಾ ಪನಿಯಾ? ಸರಿಯಾಗಿ ಹೇಳು. ಯಾವುದು?"

ಯಾವುದು ಎಂದು ಹೇಳಲಿ? ಕಾಲುಗಳನ್ನು ಕೆಸರಿನಲ್ಲಿ ಕೊಳೆಸಿದ್ದು ಒಂದು, ಅದೇ ಕೆಸರಿನಿಂದ ಏರಿ ಬಂದು ಕೊಂದದ್ದು ಇನ್ನೊಂದು. ಅವ್ವ ಆಸ್ಪತ್ರೆಯ ಮಂಚದ ಮೇಲೆ ನಗುತ್ತಾ ಹೇಳಿದ್ದು ನೆನಪಾಯಿತು.

"ಎರಡೂ ಒಂದೇ, ಟೀಚರ್" ಎಂದೆ, ಮೇಜಿನ ಅಂಚು ಹಿಡಿದುಕೊಂಡು ಅವ್ವಾ ಎಂದು ಕನ್ನಡದಲ್ಲಿ ಅತ್ತುಬಿಟ್ಟೆ.